ಮೂಗಿನ ಅಳತೆಯಿಂದ ಜೀನಿನ ಲೆಕ್ಕದವರೆಗೆ

ಲಕ್ಕವಳ್ಳಿ ಎರಡು ಸೀಮೆಗಳ ನಡುವಿನ ಊರು. ಪಡುವಣಕ್ಕೆ ಹೋದರೆ ಕಾಡು, ಮಳೆ, ಗದ್ದೆ, ಅನ್ನ. ಮೂಡಣಕ್ಕೆ ತರೀಕೆರೆ ದಾಟಿದರೆ ಅಜ್ಜಂಪುರ, ಕಡೂರಿನ ಬಯಲು, ರಾಗಿ, ಮಳೆಗೆ ಕಾದು ಕೂತ ಕೆರೆಗಳು. ಊರ ಮಗ್ಗುಲಲ್ಲೇ 1947ರಲ್ಲಿ ಶುರುವಾಗಿ 1965ರ ಹೊತ್ತಿಗೆ ಮುಗಿದ ಭದ್ರಾ ಅಣೆಕಟ್ಟು. ಇಂಥ ಊರಿನ ಶಾಲೆಯೊಂದರಲ್ಲಿ ಮಕ್ಕಳನ್ನೆಲ್ಲ ಗೋಡೆಗೆ ನಿಲ್ಲಿಸಿ ಎತ್ತರ ಅಳೆದು, ಹಾಜರಿ ಪುಸ್ತಕದ ಹೆಸರಿನ ಮುಂದೆ ಬರೆದುಕೊಂಡರು ಅಂತ ಇಟ್ಟುಕೊಳ್ಳಿ. ಕೆಲವರು ಉದ್ದ, ಕೆಲವರು ಗಿಡ್ಡ. ಗಿಡ್ಡ ಮಕ್ಕಳಲ್ಲಿ ಹೆಚ್ಚಿನವರು ಒಂದು ಕೇರಿಯವರು, ಉದ್ದದವರಲ್ಲಿ ಹೆಚ್ಚಿನವರು ಇನ್ನೊಂದು ಬೀದಿಯವರು ಎಂದೂ ಕಂಡಿತು ಅನ್ನಿ. ಯಾಕೆ ಹೀಗೆ ಎಂದು ಕೇಳಿದರೆ ಕಟ್ಟೆಯ ಮೇಲೆ ಕೂತವರ ಉತ್ತರ ತಯಾರಾಗಿಯೇ ಇರುತ್ತದೆ: "ಅದು ಅವರ ವಂಶದಲ್ಲೇ ಬಂದದ್ದು ಬಿಡ್ರಿ, ರಕ್ತದ ಗುಣ." ಎತ್ತರಕ್ಕೆ ಹೇಳಿದ ಈ ಮಾತು ಮೆಲ್ಲಗೆ ಕಾಯಿಲೆಗೆ, ಓದಿಗೆ, ಬುದ್ಧಿಗೆ, ಕೊನೆಗೆ ಬಡತನಕ್ಕೂ ಹಬ್ಬುತ್ತದೆ.

ಈ 'ರಕ್ತದ ಗುಣ'ಕ್ಕೆ ನಮ್ಮ ದೇಶದಲ್ಲಿ ಶಾಸ್ತ್ರಗಳ ಬೆಂಬಲ ಮೊದಲಿನಿಂದಲೂ ಇತ್ತು. ಕಳೆದ ನೂರ ನಲವತ್ತು ವರ್ಷಗಳಿಂದ ಅದಕ್ಕೆ ಲೆಕ್ಕದ ಬೆಂಬಲವನ್ನೂ ಹುಡುಕಲಾಗಿದೆ. ಮೂಗು ಅಳೆದರು, ತಲೆಬುರುಡೆ ಅಳೆದರು, ರಕ್ತ ತೆಗೆದರು, ಈಗ ಜೀನು ಓದುತ್ತಿದ್ದಾರೆ. ಹುಡುಕಿದವರ ಲೆಕ್ಕವೇ ಮುಂದೆ ಸಾಗಿ ಆ ಮಾತನ್ನು ಬುಡಮೇಲು ಮಾಡಿದ ಕಥೆಯೂ ಇದೇ ಚರಿತ್ರೆಯೊಳಗೆ ಇದೆ. ಇದನ್ನು ವಿಜ್ಞಾನಿಗಳ ಪಾಡಿಗೆ ಬಿಟ್ಟು ನಾವು ಸುಮ್ಮನಿರುವಂತಿಲ್ಲ. ಯಾಕೆಂದರೆ ಅಳತೆಗೆ ಸಿಕ್ಕಿದ ಮೈ ನಮ್ಮದು.

1

ಮೊದಲ ಅಳತೆಗಾರ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್, ಡಾರ್ವಿನ್ನನ ಬಂಧು. 1886ರಲ್ಲಿ ಆತ 205 ದಂಪತಿಗಳ ಮತ್ತು ಅವರ 928 ಬೆಳೆದ ಮಕ್ಕಳ ಎತ್ತರವನ್ನು ಪಟ್ಟಿ ಮಾಡಿದ. ಉದ್ದದವರ ಮಕ್ಕಳು ಉದ್ದವೇ, ಆದರೆ ತಂದೆತಾಯಿಯಷ್ಟಲ್ಲ. ಗಿಡ್ಡರ ಮಕ್ಕಳು ಗಿಡ್ಡವೇ, ಆದರೆ ಅವರಷ್ಟಲ್ಲ. ಎರಡೂ ಕಡೆಯ ಮಕ್ಕಳು ನಡುವಿಗೆ ಸರಿಯುತ್ತಾರೆ. ಇಂದು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಕಲಿಯುವ ಹಿಂಚಲನೆಯ ಲೆಕ್ಕ ಹುಟ್ಟಿದ್ದು ಇಲ್ಲಿ. ಇದೇ ಗಾಲ್ಟನ್ 1883ರಲ್ಲಿ ಇನ್ನೊಂದು ಪದವನ್ನೂ ಹುಟ್ಟಿಸಿದ್ದ: ಯುಜೆನಿಕ್ಸ್, ಅಂದರೆ ಸುಪ್ರಜನನ. 'ಒಳ್ಳೆಯ' ಜನ ಹೆಚ್ಚು ಹೆರಬೇಕು, 'ಕೆಟ್ಟ' ಜನ ಹೆರಬಾರದು ಎಂಬ ಯೋಜನೆ ಅದು. ಲೆಕ್ಕವೂ ಯೋಜನೆಯೂ ಒಂದೇ ತಲೆಯಲ್ಲಿ ಹುಟ್ಟಿದವು. ಯಾರು ಒಳ್ಳೆಯವರು ಎಂದು ತೀರ್ಮಾನಿಸುವವರು ಯಾರು ಎಂದು ಕೇಳುವವರು ಆ ಕೋಣೆಯೊಳಗೆ ಇರಲಿಲ್ಲ.

ಅಳತೆ ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು. ಬಂಗಾಳದಲ್ಲಿ ಹರ್ಬರ್ಟ್ ರಿಸ್ಲೆ ಎಂಬ ಬ್ರಿಟಿಷ್ ಅಧಿಕಾರಿ ಜಾತಿವಾರು ಮೂಗುಗಳನ್ನು ಅಳೆಸಿದ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆಗೆ ನಾಸಿಕ ಸೂಚ್ಯಂಕ ಎಂದು ಹೆಸರು. 1891ರಲ್ಲಿ ಪ್ರಕಟವಾದ ಅವನ ಸಂಪುಟಗಳ ಸಾರ ಇಷ್ಟು: ಜಾತಿ ಮೇಲೇರಿದಷ್ಟೂ ಮೂಗು ಕಿರಿದು, ಕೆಳಗಿಳಿದಷ್ಟೂ ಮೂಗು ಅಗಲ. ಜಾತಿ ಎಂದರೆ ಜನಾಂಗ, ಅದು ಮುಖದ ಮೇಲೇ ಬರೆದಿದೆ ಎಂದ. 1901ರ ಜನಗಣತಿಗೆ ಇವನೇ ಮುಖ್ಯಸ್ಥ. ದಕ್ಷಿಣದಲ್ಲಿ ಮದರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ಊರೂರಿನಲ್ಲಿ, ಸಂಗ್ರಹಾಲಯ ನೋಡಲು ಬಂದವರಲ್ಲಿಯೂ ಸಹ, ತಲೆ ಮೂಗು ಅಳೆದ. ಕೆ. ರಂಗಾಚಾರಿ ಜೊತೆಗೂಡಿ 1909ರಲ್ಲಿ ಏಳು ಸಂಪುಟ ತಂದ. ಮೈಸೂರು ಸೀಮೆಯಲ್ಲಿ ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ಇಲ್ಲಿನ ಬುಡಕಟ್ಟು ಮತ್ತು ಜಾತಿಗಳ ನಾಲ್ಕು ಸಂಪುಟಗಳು 1928ರಿಂದ ಹೊರಬಂದವು. ಅಳೆಯುವವರು, ಬರೆಯುವವರು, ಓದುವವರು ಎಲ್ಲ ಒಂದು ಕಡೆ; ಬಟ್ಟೆ ಬಿಚ್ಚಿ ನಿಂತವರು ಇನ್ನೊಂದು ಕಡೆ.

ಇದಕ್ಕೆ ಉತ್ತರ ಬಂದದ್ದು ಆ ಇನ್ನೊಂದು ಕಡೆಯಿಂದ. 1916ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದು ವಯಸ್ಸಿನ ಭೀಮರಾವ್ ಅಂಬೇಡ್ಕರ್ ಓದಿದ ಪ್ರಬಂಧ ಜಾತಿಯ ಬೇರನ್ನು ಮೂಗಿನಲ್ಲಿ ಹುಡುಕಲಿಲ್ಲ, ಮದುವೆಯಲ್ಲಿ ಹುಡುಕಿತು. ಜಾತಿಯೊಳಗೇ ಹೆಣ್ಣು ಕೊಟ್ಟು ತರುವ ಕಟ್ಟು, ಅದೇ ಜಾತಿಯ ಜೀವ. ಬೆರೆತು ಹೋಗಿದ್ದ ಜನರನ್ನು ಆ ಕಟ್ಟು ತುಂಡು ತುಂಡು ಮಾಡಿತು ಎಂಬುದು ಅವರ ವಾದ. 1948ರಲ್ಲಿ ಅಸ್ಪೃಶ್ಯರ ಮೂಲವನ್ನು ಕುರಿತು ಬರೆದ ಪುಸ್ತಕದಲ್ಲಿ ಬಾಬಾಸಾಹೇಬರು ಆ ಮೂಗಿನ ಅಂಕಿಗಳನ್ನೇ ಎತ್ತಿಕೊಂಡು ಅವುಗಳ ಬಾಯಿಂದಲೇ ಉಲ್ಟಾ ಹೇಳಿಸಿದರು: ಈ ಅಳತೆಗಳನ್ನು ನಂಬುವುದಾದರೆ ಬ್ರಾಹ್ಮಣ ಮತ್ತು ಅಸ್ಪೃಶ್ಯ ಬೇರೆ ಬೇರೆ ಜನಾಂಗ ಎಂದು ಹೇಳಲಾಗುವುದಿಲ್ಲ. ಶತ್ರುವಿನ ಅಂಕಿಯನ್ನು ಸುಟ್ಟು ಹಾಕಲಿಲ್ಲ, ಓದಿದರು. ಈ ಪಾಠ ನಮಗೆ ಇವತ್ತಿಗೂ ಬೇಕು.

2

ಲೆಕ್ಕದವರ ಒಳಗಿನಿಂದಲೂ ತಕರಾರು ಎದ್ದಿತು. ಕಲ್ಕತ್ತೆಯ ಪಿ.ಸಿ. ಮಹಲನೋಬಿಸ್ 1920ರ ದಶಕದಲ್ಲಿ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳಿಂದ ಕೆಲಸ ಶುರು ಮಾಡಿ, 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿ, 1933ರಲ್ಲಿ ರಿಸ್ಲೆಯ ಅಂಕಿಗಳನ್ನೇ ಮರುಪರಿಶೀಲನೆಗೆ ಒಡ್ಡಿದರು. ಒಂದು ಮೂಗಿನಿಂದ ಏನೂ ತಿಳಿಯದು. ಹಲವು ಅಳತೆಗಳನ್ನು ಒಟ್ಟಿಗೆ ಇಟ್ಟು, ಅವು ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದು, ಎರಡು ಗುಂಪುಗಳ ನಡುವಿನ ದೂರ ಕಂಡುಹಿಡಿಯಬೇಕು ಎಂದರು. 1936ರಲ್ಲಿ ಪೂರ್ಣರೂಪ ಪಡೆದ ಈ 'ಮಹಲನೋಬಿಸ್ ದೂರ' ಇವತ್ತು ಜಗತ್ತಿನ ಎಲ್ಲ ಕಂಪ್ಯೂಟರುಗಳಲ್ಲಿ ಓಡಾಡುತ್ತಿದೆ. ಅದು ಹುಟ್ಟಿದ್ದು ಜಾತಿ, ಜನಾಂಗಗಳ ಅಳತೆಯಲ್ಲಿ ಎಂಬುದು ಬಳಸುವವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಆ ಸಂಸ್ಥೆಗೆ 1941ರಲ್ಲಿ ಸೇರಿದ ಹುಡುಗ ಸಿ.ಆರ್. ರಾವ್. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಆಗ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ ಜಿಲ್ಲೆ. 1941ರಲ್ಲಿ ಉತ್ತರದ ಸಂಯುಕ್ತ ಪ್ರಾಂತ್ಯದಲ್ಲಿ ಜಾತಿ ಬುಡಕಟ್ಟುಗಳ ದೇಹ ಅಳೆದಿದ್ದರು. ಆ ರಾಶಿ ಅಂಕಿಗಳನ್ನು ಜರಡಿ ಹಿಡಿಯುವ ಕೆಲಸ ರಾವ್ ಅವರ ಪಾಲಿಗೆ ಬಂತು. 1948ರ ಅವರ ಹೆಸರಾಂತ ಲೇಖನದಲ್ಲಿ ಉದಾಹರಣೆಯಾಗಿ ಬರುವವರು ಬ್ರಾಹ್ಮಣರು, ಕುಶಲಕರ್ಮಿಗಳು ಮತ್ತು ಕೊರ್ವ ಬುಡಕಟ್ಟಿನವರು. ಒಬ್ಬ ಮನುಷ್ಯನ ಅಳತೆ ಕೊಟ್ಟರೆ ಅವನು ಯಾವ ಗುಂಪಿನವನು ಎಂದು ಹೇಳಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಆ ಲೆಕ್ಕದ ತಿರುಳೇ ಏನೆಂದರೆ, ಗುಂಪುಗಳು ಒಂದರೊಳಗೊಂದು ಬೆರೆತಿರುತ್ತವೆ. ಹೇಗೆ ಗೆರೆ ಎಳೆದರೂ ಒಂದಿಷ್ಟು ಜನ ತಪ್ಪು ಕಡೆಗೆ ಬೀಳುತ್ತಾರೆ. ಆ ತಪ್ಪು ಎಷ್ಟು ಎಂದು ಹೇಳುವುದೇ ಶಾಸ್ತ್ರದ ಕೆಲಸ. ಮನು ಎಳೆದ ಗೆರೆಯಲ್ಲಿ ತಪ್ಪಿಗೆ ಜಾಗವೇ ಇರಲಿಲ್ಲ. ರಾವ್ ಅವರು 102 ವರ್ಷ ಬಾಳಿ 2023ರಲ್ಲಿ ತೀರಿಕೊಂಡರು. ಜೀನು ಹುಡುಕುವ ಇಂದಿನ ಲೆಕ್ಕದಲ್ಲೂ ಅವರ ಸೂತ್ರಗಳು ದುಡಿಯುತ್ತಿವೆ.

ರಾವ್ ಅವರಿಗೆ ಕೇಂಬ್ರಿಜ್‌ನಲ್ಲಿ ಮಾರ್ಗದರ್ಶಕರಾಗಿದ್ದವರು ರೊನಾಲ್ಡ್ ಫಿಶರ್. ಎತ್ತರದಂಥ ಗುಣ ಹೇಗೆ ಇಳಿದು ಬರುತ್ತದೆ ಎಂಬ ಗಂಟನ್ನು ಬಿಚ್ಚಿದವರು ಇವರು. ಮೆಂಡೆಲನ ಬಟಾಣಿ ಗಿಡ ಒಂದೋ ಉದ್ದ, ಇಲ್ಲಾ ಗಿಡ್ಡ. ಮನುಷ್ಯರು ಹಾಗಲ್ಲವಲ್ಲ, ನಡುವಿನ ಎಲ್ಲ ಅಳತೆಯವರೂ ಇದ್ದಾರಲ್ಲ? 1918ರಲ್ಲಿ ಫಿಶರ್ ಹೇಳಿದ್ದನ್ನು ಕವಡೆ ಆಟದಲ್ಲಿ ನೋಡಬಹುದು. ಒಂದೇ ಕವಡೆ ಎಸೆದರೆ ಬೋರಲು ಇಲ್ಲಾ ಅಂಗಾತ, ಎರಡೇ ಗತಿ. ನೂರು ಕವಡೆಗಳನ್ನು ಒಟ್ಟಿಗೆ ಎಸೆದರೆ ಅಂಗಾತ ಬಿದ್ದವು ಹೆಚ್ಚು ಸಲ ಐವತ್ತರ ಆಸುಪಾಸು. ತೊಂಬತ್ತು ಬೀಳುವುದು, ಹತ್ತೇ ಬೀಳುವುದು ತೀರಾ ಅಪರೂಪ. ಎತ್ತರದ ಹಿಂದೆ ಒಂದಲ್ಲ, ನೂರಾರು ಜೀನುಗಳಿವೆ. ಒಂದೊಂದರ ಪಾಲೂ ಕೂದಲೆಳೆಯಷ್ಟು. ಅದರ ಮೇಲೆ ಉಂಡದ್ದು, ಉಪವಾಸ ಬಿದ್ದದ್ದು, ಜ್ವರ ಬಂದದ್ದು, ಹೊತ್ತ ಹೊರೆ ಎಲ್ಲ ಸೇರುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎದೆರೋಗ ಇವೂ ಇದೇ ಜಾತಿಯ ಸಂಕೀರ್ಣ ಗುಣಗಳು. ಇಷ್ಟು ಚೆಂದದ ಲೆಕ್ಕ ಕೊಟ್ಟ ಫಿಶರ್ ಸುಪ್ರಜನನದ ಕಟ್ಟಾ ಬೆಂಬಲಿಗರೂ ಆಗಿದ್ದರು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಫಿಶರ್ ಲೆಕ್ಕದಿಂದ ಒಂದು ಸಂಖ್ಯೆ ಹುಟ್ಟಿತು: ಜನರ ನಡುವಿನ ವ್ಯತ್ಯಾಸದಲ್ಲಿ ಹುಟ್ಟಿನ ಪಾಲು ಎಷ್ಟು, ಬೆಳೆದ ರೀತಿಯ ಪಾಲು ಎಷ್ಟು. ಈ ಸಂಖ್ಯೆಯನ್ನು ಹಿಡಿದೇ ಎಷ್ಟೋ ದೊಡ್ಡ ಸುಳ್ಳುಗಳನ್ನು ಹೇಳಲಾಗಿದೆ. ಅಮೆರಿಕದಲ್ಲಿ ಕರಿಯರ ಬುದ್ಧಿಮತ್ತೆ ಹುಟ್ಟಿನಿಂದಲೇ ಕಡಿಮೆ ಎಂದು ಕೆಲವರು ವಾದಿಸಿದಾಗ, 1970ರಲ್ಲಿ ರಿಚರ್ಡ್ ಲೆವಾಂಟಿನ್ ಎಂಬ ತಳಿವಿಜ್ಞಾನಿ ಬೀಜದ ಉದಾಹರಣೆ ಕೊಟ್ಟು ಉತ್ತರಿಸಿದ. ಅದನ್ನು ನಮ್ಮ ಭದ್ರಾ ನಾಲೆಗೆ ತಂದು ಹೇಳುತ್ತೇನೆ. ಒಂದೇ ಚೀಲದ ಬೆರಕೆ ಭತ್ತದಿಂದ ಒಂದು ಬೊಗಸೆಯನ್ನು ನಾಲೆಯ ಮೊದಲಿನ ಗದ್ದೆಗೆ ಹಾಕಿ, ಇನ್ನೊಂದು ಬೊಗಸೆಯನ್ನು ನೀರು ತಲುಪದ ಕೊನೆಯ ಗದ್ದೆಗೆ. ಮೊದಲ ಗದ್ದೆಯೊಳಗೆ ಎಲ್ಲ ಪೈರಿಗೂ ನೀರು ಒಂದೇ. ಅಲ್ಲಿನ ಏರುಪೇರೆಲ್ಲ ಬೀಜದ್ದು. ಕೊನೆಯ ಗದ್ದೆಯೊಳಗೂ ಹಾಗೇ. ಆದರೆ ಆ ಗದ್ದೆಗೂ ಈ ಗದ್ದೆಗೂ ಇರುವ ಅಂತರ? ಅದು ಪೂರಾ ನೀರಿನದು, ಬೀಜದ್ದು ಎಳ್ಳಷ್ಟೂ ಅಲ್ಲ. ಗದ್ದೆಯೊಳಗಿನ ಲೆಕ್ಕವನ್ನು ತಂದು ಗದ್ದೆಗಳ ನಡುವೆ ಹಚ್ಚುವುದು ಮೋಸ. ಮೇಲಿನ ಬೀದಿ ನಾಲೆಯ ಮೊದಲಿನ ಗದ್ದೆ. ಕೇರಿ ನಾಲೆಯ ಕೊನೆಯ ಗದ್ದೆ. ನೀರು ಬಿಡದೆ ಬೀಜವನ್ನು ಬೈಯುವುದು ನಮ್ಮ ದೇಶದ ಹಳೇ ಚಾಳಿ.

3

ಇದು ಪುಸ್ತಕದ ಮಾತಾಯಿತು ಎನ್ನುವವರು ಲಕ್ಕವಳ್ಳಿಯಿಂದ ಭದ್ರಾವತಿ, ಶಿವಮೊಗ್ಗ ದಾಟಿ ಸಾಗರದ ದಾರಿ ಹಿಡಿಯಲಿ. ಆ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1974-75ರ ಸುಮಾರಿಗೆ ಒಂದು ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮಂಡಿಗಳ ಕೀಲು ನೋವು. ನಡೆಯುವವರು ಕುಂಟಿದರು, ಕುಂಟುವವರು ತೆವಳಿದರು. ಕೆಲವು ಮಕ್ಕಳು ಬೆಳೆಯಲೇ ಇಲ್ಲ, ಕುಳ್ಳಾಗಿಯೇ ಉಳಿದರು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನ ಇತರ ಹಳ್ಳಿಗಳಲ್ಲೂ ಇದು ಕಂಡಿತು. ಬಿದ್ದವರು ಯಾರು? ಬಹುಪಾಲು ಚನ್ನಂಗಿ ಮತ್ತು ಛಲವಾದಿ ಜನ. ಅಂದರೆ ದಲಿತರು, ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುವವರು.

ಮೊದಲ ಅನುಮಾನ ಹೋದದ್ದು ಗದ್ದೆಗೆ ಹೊಡೆಯುವ ಔಷಧಿಯ ಮೇಲೆ. ಹಸಿರು ಕ್ರಾಂತಿಯ ಕಾಲ. ಎಂಡ್ರಿನ್, ಪ್ಯಾರಾಥಿಯಾನ್‌ನಂಥ ವಿಷಗಳು ಗದ್ದೆಗೆ ಬಂದಿದ್ದವು. ಕೂಲಿಯವರ ಸಾರಿಗೆ ಗದ್ದೆಯ ಏಡಿ, ಮೀನೇ ಗತಿ. ವಿಷ ಕುಡಿದ ಏಡಿಯನ್ನು ತಿಂದವರ ಕೀಲು ಹೋಯಿತು ಎಂಬ ಮಾತು ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿ, ಇದು ಮನೆತನಗಳಲ್ಲಿ ಗುಂಪುಗುಂಪಾಗಿ ಬರುತ್ತಿದೆ ಎಂದು ಗುರುತಿಸಿದರು. 1980ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೊಡ್ಡ ತನಿಖೆ ನಡೆಸಿತು. ವಂಶವೃಕ್ಷ ಬರೆದು, ಎಕ್ಸ್‌ರೇ ತೆಗೆದು, ಇದು ಎಲುಬಿನ ಬೆಳವಣಿಗೆಯ ಅನುವಂಶೀಯ ಕಾಯಿಲೆ, ಪ್ರಬಲ ರೀತಿಯಲ್ಲಿ ಇಳಿದು ಬರುತ್ತದೆ ಎಂಬ ತೀರ್ಮಾನಕ್ಕೆ ಬಂದಿತು.

ಇಂಥ ತೀರ್ಮಾನಕ್ಕೆ ಲೆಕ್ಕದವರು ಬರುವುದು ಹೇಗೆ? ಇಲ್ಲಿನ ಕಷ್ಟ ನೋಡಿ: ಜಾತಿ ಒಂದೇ, ಕೇರಿ ಒಂದೇ, ಕೂಲಿ ಒಂದೇ, ಏಡಿಯ ಸಾರೂ ಒಂದೇ. ಅಪ್ಪನಿಗೂ ಮಗನಿಗೂ ರೋಗ ಬಂದರೆ ಅದು ರಕ್ತದಿಂದಲೂ ಇರಬಹುದು, ಒಂದೇ ಗಡಿಗೆಯಿಂದಲೂ ಇರಬಹುದು. ಮನೆಯಲ್ಲಿ ಗುಂಪಾಗಿ ಬಂದ ಮಾತ್ರಕ್ಕೆ ಅನುವಂಶೀಯ ಎನ್ನುವುದಾದರೆ ಬಡತನವೂ ಅನುವಂಶೀಯ ಕಾಯಿಲೆಯೇ ಆಗಬೇಕು! ಈ ಗಂಟು ಬಿಚ್ಚಲು ಎರಡು ದಾರಿ ಉಂಟು. ಒಂದು, ಹೊರಗಿನಿಂದ ಬಂದ ಸೊಸೆಯನ್ನು ನೋಡಬೇಕು. ಅವಳು ಅದೇ ಗಡಿಗೆಯ ಸಾರು ಉಂಡವಳು, ಆದರೆ ಆ ಮನೆಯ ರಕ್ತದವಳಲ್ಲ. ಎರಡು, ಕೊಟ್ಟ ಮನೆಗೆ ಹೋದ ಮಗಳನ್ನು ನೋಡಬೇಕು. ಅವಳು ರಕ್ತ ಹೊತ್ತು ಹೋದಳು, ಗಡಿಗೆ ಬಿಟ್ಟು ಹೋದಳು. ರೋಗ ಸೊಸೆಯನ್ನು ಹಿಡಿಯಿತೋ, ಮಗಳನ್ನು ಹಿಂಬಾಲಿಸಿತೋ ಎಂಬುದರಲ್ಲಿ ಉತ್ತರ ಇರುತ್ತದೆ. ಅದರಾಚೆಗೆ, ವಂಶದೊಳಗೆ ರೋಗದ ಜೊತೆಜೊತೆಗೇ ಇಳಿದು ಬರುವ ವರ್ಣತಂತುವಿನ ಗುರುತನ್ನು ಹುಡುಕುವ ಲೆಕ್ಕವಿದೆ. 1955ರಲ್ಲಿ ನ್ಯೂಟನ್ ಮಾರ್ಟನ್ ಅದಕ್ಕೆ ಕಟ್ಟುನಿಟ್ಟಿನ ಮಟ್ಟ ಹಾಕಿದ: ಸಾವಿರಕ್ಕೆ ಒಂದರಷ್ಟು ಪುರಾವೆ ಇದ್ದರೆ ಮಾತ್ರ ನಂಬು. ಈ ದಾರಿಯಲ್ಲೇ 1983ರಲ್ಲಿ ಹಂಟಿಂಗ್ಟನ್ ಎಂಬ ನರರೋಗದ ಜಾಗ ನಾಲ್ಕನೆಯ ವರ್ಣತಂತುವಿನಲ್ಲಿ ಸಿಕ್ಕಿತು. ಅದಕ್ಕೆ ರಕ್ತ ಕೊಟ್ಟವರಲ್ಲಿ ಮುಖ್ಯರು ವೆನೆಜುವೆಲಾದ ಮರಕೈಬೊ ಸರೋವರದ ದಡದ ಬಡ ಬೆಸ್ತರು. ಅಲ್ಲಿಯೂ ರಕ್ತ ಬಡವರದು, ಹೆಸರು ಪ್ರಯೋಗಾಲಯಗಳದು.

ಹಂದಿಗೋಡಿಗೆ ಮರಳೋಣ. 'ವಂಶದಲ್ಲಿ ಬಂದದ್ದು' ಎಂಬ ತೀರ್ಮಾನ ವಿಜ್ಞಾನದ ಮಾತಾಗಿ ಹೊರಟರೂ ಊರಿಗೆ ತಲುಪುವ ಹೊತ್ತಿಗೆ ಬೈಗುಳವಾಗುತ್ತದೆ. "ಅವರು ಸಂಬಂಧದಲ್ಲೇ ಮದುವೆ ಆಗ್ತಾರೆ, ಅದಕ್ಕೇ ಹಂಗೆ" ಎಂಬ ಮಾತನ್ನೇ ತೆಗೆದುಕೊಳ್ಳಿ. ಪ್ರಬಲ ರೀತಿಯ ಕಾಯಿಲೆ ಎಂದರೆ ಕೆಟ್ಟ ಜೀನಿನ ಒಂದು ಪ್ರತಿ ಸಾಕು. ತಂದೆಗೋ ತಾಯಿಗೋ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಎರಡರಲ್ಲಿ ಒಂದು. ಅದಕ್ಕೆ ಅಕ್ಕನ ಮಗಳನ್ನೇ ಮದುವೆಯಾಗಬೇಕಾಗಿಲ್ಲ. ಸಂಬಂಧದ ಮದುವೆಯಿಂದ ಹೆಚ್ಚುವುದು ಎರಡು ಪ್ರತಿ ಬೇಕಾಗುವ ಬೇರೆ ಬಗೆಯ ಕಾಯಿಲೆಗಳು. ಅಷ್ಟಕ್ಕೂ ಅಕ್ಕನ ಮಗಳು, ಅತ್ತೆಯ ಮಗಳನ್ನು ತಂದುಕೊಳ್ಳುವುದು ದಲಿತರ ಗುತ್ತಿಗೆಯೇ? 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳ ತಂದೆತಾಯಿಗಳನ್ನು ಲೆಕ್ಕ ಹಾಕಿದಾಗ ಸುಮಾರು ಮೂರರಲ್ಲಿ ಒಂದು ಮದುವೆ ಸಂಬಂಧದೊಳಗಿನದೇ ಆಗಿತ್ತು. ಆ ಜೀನನ್ನು ಎರಡು ಜಾತಿಗಳೊಳಗೇ ಕೂಡಿ ಹಾಕಿದ್ದು ಬಾಬಾಸಾಹೇಬರು 1916ರಲ್ಲಿ ತೋರಿಸಿದ ಆ ಮದುವೆಯ ಕಟ್ಟು. ಆ ಗೋಡೆಯನ್ನು ಕಟ್ಟಿದವರು ಕೇರಿಯವರಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಅನುವಂಶೀಯ ಎಂದ ಕೂಡಲೇ ಹೊಣೆ ಯಾರ ತಲೆಯ ಮೇಲೂ ಇಲ್ಲದಂತಾಗುತ್ತದೆ. ಔಷಧಿ ಕಾರಣ ಎಂದಿದ್ದರೆ ಕಂಪನಿಯನ್ನು, ಜಮೀನ್ದಾರನನ್ನು, ಸರ್ಕಾರವನ್ನು ಕೇಳಬಹುದಿತ್ತು. ಜೀನು ಕಾರಣ ಎಂದರೆ ಯಾರನ್ನು ಕೇಳುವುದು? ಈ ಮಾತಿಗೆ ನಾವು ಮರುಳಾಗಬಾರದು. ಕಣ್ಣಿನ ದೋಷ ಹುಟ್ಟಿನಿಂದ ಬಂದಿದ್ದರೂ ಕನ್ನಡಕ ಹಾಕಿದರೆ ಕಾಣುತ್ತದೆ. ಕಾರಣ ಜೀನೇ ಆಗಿರಲಿ, ನಡೆಯಲಾಗದವನಿಗೆ ಶಸ್ತ್ರಚಿಕಿತ್ಸೆ, ಪಿಂಚಣಿ, ತಿನ್ನಲು ಏಡಿಯ ಆಚೆಗೆ ಒಂದಿಷ್ಟು ಹಾಲು ಬೇಳೆ ಕೊಡುವುದು ಸರ್ಕಾರದ ಕೆಲಸವೇ. ಜೊತೆಗೆ, ಈ ಕಾಯಿಲೆಗೆ ವಿಷ ಕಾರಣವಲ್ಲ ಎಂದಾದ ಮಾತ್ರಕ್ಕೆ ಆ ವಿಷ ನಿರಪಾಯಕಾರಿ ಎಂದೂ ಆಗಲಿಲ್ಲ. ಎಂಡ್ರಿನ್ನನ್ನು ಭಾರತ 1990ರಲ್ಲಿ ನಿಷೇಧಿಸಿತು.

4

ಹಂದಿಗೋಡಿನದು ಒಂದು ಜೀನಿನ ಜಾಡು. ನೂರಾರು ಜೀನುಗಳ ಸಕ್ಕರೆ ಕಾಯಿಲೆ, ಎತ್ತರಗಳಿಗೆ ಮನೆತನದ ಲೆಕ್ಕ ಸಾಲದು. 1996ರಲ್ಲಿ ನೀಲ್ ರಿಶ್ ಮತ್ತು ಕ್ಯಾಥ್ಲೀನ್ ಮೆರಿಕಂಗಸ್ ಹೊಸ ದಾರಿ ತೋರಿಸಿದರು: ರೋಗಿಗಳ ದೊಡ್ಡ ಗುಂಪು, ರೋಗವಿಲ್ಲದವರ ದೊಡ್ಡ ಗುಂಪು, ಎರಡರ ಡಿಎನ್‌ಎಯನ್ನೂ ಉದ್ದಕ್ಕೆ ಹೋಲಿಸಿ ನೋಡು. ನಮ್ಮ ಪ್ರತಿಯೊಬ್ಬರ ಡಿಎನ್‌ಎಯಲ್ಲೂ ಸುಮಾರು 300 ಕೋಟಿ ಅಕ್ಷರಗಳಿವೆ. ಒಬ್ಬರಿಗೂ ಇನ್ನೊಬ್ಬರಿಗೂ ಸಾವಿರಕ್ಕೆ ಒಂದು ಅಕ್ಷರದಷ್ಟು ವ್ಯತ್ಯಾಸ. ಯಾವ ಅಕ್ಷರ ರೋಗಿಗಳಲ್ಲಿ ಹೆಚ್ಚಾಗಿದೆಯೋ ಅದರ ಆಸುಪಾಸಿನಲ್ಲಿ ಕಾರಣ ಇರಬಹುದು. 2005ರಲ್ಲಿ ಬರೀ 96 ರೋಗಿಗಳಿಂದ ವಯಸ್ಸಾದವರ ಕಣ್ಣಿನ ರೋಗವೊಂದರ ಜೀನು ಹೀಗೆ ಸಿಕ್ಕಿತು. 2007ರಲ್ಲಿ ಬ್ರಿಟನ್ನಿನಲ್ಲಿ ಏಳು ರೋಗಗಳಿಗೆ ತಲಾ 2,000 ರೋಗಿಗಳು, ಎಲ್ಲಕ್ಕೂ ಸೇರಿ 3,000 ಆರೋಗ್ಯವಂತರು. ಹತ್ತು ಲಕ್ಷ ಸಲ ಪರೀಕ್ಷೆ ಮಾಡಿದರೆ ಕಾಕತಾಳೀಯವಾಗಿಯೇ ಸಾವಿರಾರು ಸುಳ್ಳು ಜೀನು ಸಿಗುತ್ತವೆ. ಅದಕ್ಕೇ ಎರಡು ಕೋಟಿಯಲ್ಲಿ ಒಂದು ಸಲ ಮಾತ್ರ ಆಕಸ್ಮಿಕವಾಗಿ ಬರಬಹುದಾದಷ್ಟು ಬಲವಾದ ಪುರಾವೆ ಬೇಕು ಎಂಬ ಕಟ್ಟಳೆ ಮಾಡಿಕೊಂಡರು.

ಆದರೆ ಆ ಕಟ್ಟಳೆಯೂ ತಡೆಯಲಾಗದ ಒಂದು ಸುಳ್ಳು ಉಂಟು. ಮತ್ತೆ ಲಕ್ಕವಳ್ಳಿಯ ಗೋಡೆಗೆ ನಿಲ್ಲಿಸಿದ ಮಕ್ಕಳ ಹತ್ತಿರ ಬರೋಣ. ಎತ್ತರದ ಮಕ್ಕಳ ಡಿಎನ್‌ಎ ಒಂದು ಕಡೆ, ಗಿಡ್ಡ ಮಕ್ಕಳದು ಇನ್ನೊಂದು ಕಡೆ ಇಟ್ಟು ಹೋಲಿಸಿದರೆ ಸಾವಿರಾರು ಅಕ್ಷರಗಳಲ್ಲಿ ವ್ಯತ್ಯಾಸ ಕಂಡೀತು. ಯಾಕಪ್ಪಾ ಅಂದ್ರೆ ಆ ಬೀದಿಗೂ ಈ ಕೇರಿಗೂ ತಲೆತಲಾಂತರದಿಂದ ಹೆಣ್ಣು ಕೊಟ್ಟು ತಂದಿಲ್ಲ. ಹಾಗಾಗಿ ಎತ್ತರಕ್ಕೆ ಸಂಬಂಧವೇ ಇಲ್ಲದ ಅಕ್ಷರಗಳೂ ಆ ಕಡೆ ಒಂದು ಪ್ರಮಾಣದಲ್ಲಿ, ಈ ಕಡೆ ಇನ್ನೊಂದು ಪ್ರಮಾಣದಲ್ಲಿ ಕೂತಿವೆ. ಎತ್ತರಕ್ಕೆ ಕಾರಣ ಹಾಲು ತುಪ್ಪ. ಲೆಕ್ಕ ಬೊಟ್ಟು ಮಾಡುವುದು ಜೀನಿನ ಕಡೆಗೆ. ಕಂಪ್ಯೂಟರಿಗೆ ಜೀನು ಕಾಣುತ್ತದೆ, ಕೇರಿ ಕಾಣುವುದಿಲ್ಲ.

ಇದು ಕಟ್ಟು ಕಥೆಯಲ್ಲ. 1988ರಲ್ಲಿ ಅಮೆರಿಕದ ಅರಿಜೋನಾದ ಪೀಮಾ ಆದಿವಾಸಿಗಳಲ್ಲಿ ಇಂಥದೇ ಕಂಡಿತ್ತು. ಒಂದು ಗುರುತು ಇದ್ದವರಿಗೆ ಸಕ್ಕರೆ ಕಾಯಿಲೆ ಕಡಿಮೆ. ಅದು ರಕ್ಷಿಸುವ ಜೀನು ಎಂದೇ ಮೊದಲ ನೋಟಕ್ಕೆ ತೋರುತ್ತಿತ್ತು. ವಿಲಿಯಂ ನೌಲರ್ ಮತ್ತು ಸಂಗಡಿಗರು ಬಗೆದು ನೋಡಿದರೆ ಅದು ಯೂರೋಪಿನವರ ಜೊತೆ ಬೆರಕೆಯಾದ ಗುರುತು ಮಾತ್ರ. ಬೆರಕೆ ಎಷ್ಟಿದೆ ಎಂದು ಲೆಕ್ಕಕ್ಕೆ ಹಿಡಿದ ಕೂಡಲೇ ಆ 'ರಕ್ಷಣೆ' ಕರಗಿ ಹೋಯಿತು. ಈ ದೋಷವನ್ನು ತೊಡೆಯಲು 1999ರಿಂದ ಒಂದಾದ ಮೇಲೊಂದು ವಿಧಾನ ಬಂದವು. 2006ರಲ್ಲಿ ರೂಢಿಗೆ ಬಂದ ವಿಧಾನ ಹೀಗಿದೆ: ಮೊದಲು ಡಿಎನ್‌ಎಯಿಂದಲೇ ಯಾರು ಯಾರಿಗೆ ಹತ್ತಿರ, ಯಾರು ದೂರ ಎಂಬ ನಕ್ಷೆ ತೆಗೆ, ಆ ದೂರವನ್ನು ಕಳೆದು ಆಮೇಲೆ ಜೀನು ಹುಡುಕು. ಮಹಲನೋಬಿಸ್ ಜಾತಿಗಳ ನಡುವೆ ದೂರ ಅಳೆಯಲು ಹೊರಟಿದ್ದರು. ಎಪ್ಪತ್ತು ವರ್ಷಗಳ ಮೇಲೆ ಲೆಕ್ಕದವರು ದೂರ ಅಳೆಯುತ್ತಿರುವುದು ಅದನ್ನು ಕಳೆಯಲಿಕ್ಕೆ. ಈ ತಿರುವನ್ನು ನಮ್ಮ ಮೇಷ್ಟರುಗಳು ಮಕ್ಕಳಿಗೆ ಹೇಳಬೇಕು.

ಆ ನಕ್ಷೆಗಳಲ್ಲಿ ಕಂಡದ್ದೇನು? 2009ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದವರೂ ಅಮೆರಿಕದವರೂ ಸೇರಿ 25 ಗುಂಪುಗಳ ಡಿಎನ್‌ಎ ಓದಿದರು. ಓದಿದ ಹೆಚ್ಚುಕಡಿಮೆ ಎಲ್ಲ ಭಾರತೀಯ ಗುಂಪುಗಳೂ ಬೆರಕೆ. ಬೆರೆತದ್ದು ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಎಂದು 2013ರ ಲೆಕ್ಕ. ಆಮೇಲೆ ಬಾಗಿಲು ಬಿತ್ತು. ಸುಮಾರು 70 ತಲೆಮಾರಿನ ಹಿಂದೆ ಒಳಮದುವೆ ಬಿಗಿಯಾಯಿತು ಎಂದು 2016ರಲ್ಲಿ ಬಂಗಾಳದ ವಿಜ್ಞಾನಿಗಳು ಕಂಡರು. ಮೊದಲು ಬೆರಕೆ, ಆಮೇಲೆ ಗೋಡೆ ಎಂದು ಇಪ್ಪತ್ತೈದರ ಯುವಕ 1916ರಲ್ಲಿ ಹೇಳಿದ್ದಕ್ಕೆ ಜೀನು ನೂರು ವರ್ಷ ತಡವಾಗಿ ಸಾಕ್ಷಿ ಹೇಳಿತು. ಆ ಗೋಡೆಯ ದಂಡವನ್ನು ಮೇಲಿನವರೂ ಕಟ್ಟುತ್ತಿದ್ದಾರೆ. ವೈಶ್ಯ ಸಮುದಾಯದ ಕೆಲವರಿಗೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಕೊಡುವ ಸ್ನಾಯು ಸಡಿಲಿಸುವ ಒಂದು ಔಷಧಿ ಬೇಗ ಇಳಿಯುವುದಿಲ್ಲ. ಅದು ಒಳಮದುವೆ ಕಾಪಾಡಿಕೊಂಡು ಬಂದ ಜೀನಿನ ಕೆಲಸ. ಅವರನ್ನು ಯಾರೂ 'ಕೆಟ್ಟ ರಕ್ತ' ಎನ್ನುವುದಿಲ್ಲ, ಅನ್ನಲೂಬಾರದು. ವೈದ್ಯರು ಔಷಧಿ ಬದಲಿಸುತ್ತಾರೆ, ಅಷ್ಟೇ. ಹಂದಿಗೋಡಿನವರಿಗೂ ಸಲ್ಲಬೇಕಾದದ್ದು ಇದೇ ಮರ್ಯಾದೆ.

5

ಈಗಿನ ಲೆಕ್ಕ ಬಲು ದೊಡ್ಡದು. 2022ರಲ್ಲಿ 54 ಲಕ್ಷ ಜನರ ಡಿಎನ್‌ಎ ನೋಡಿ ಎತ್ತರಕ್ಕೆ ಅಂಟಿದ 12,111 ಜಾಗಗಳನ್ನು ಪಟ್ಟಿ ಮಾಡಿದರು. ಫಿಶರ್ ಹೇಳಿದ ಕವಡೆಗಳು ನೂರಲ್ಲ, ಸಾವಿರಾರು ಎಂದಾಯಿತು. ಆದರೆ ಆ ಪಟ್ಟಿ ಯೂರೋಪ್ ಮೂಲದವರ ಎತ್ತರದ ವ್ಯತ್ಯಾಸದಲ್ಲಿ ನೂರಕ್ಕೆ 40ರಷ್ಟನ್ನು ವಿವರಿಸಿದರೆ, ಉಳಿದವರಲ್ಲಿ 10ರಿಂದ 20ರಷ್ಟನ್ನು ಮಾತ್ರ. ಅಳತೆಗೆ ಸಿಕ್ಕವರಲ್ಲಿ ಬಹುಪಾಲು ಅವರೇ ಆದ್ದರಿಂದ ಲೆಕ್ಕ ಅವರಿಗೇ ಒಗ್ಗಿದೆ. ಈ ಕೊರತೆ ತುಂಬಲು ನಮ್ಮ ದೇಶದಲ್ಲಿ 2020ರಲ್ಲಿ ಜೀನೋಮ್ ಇಂಡಿಯಾ ಯೋಜನೆ ಶುರುವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ಅದರ ಮುಂಚೂಣಿಯಲ್ಲಿತ್ತು. 10,000 ಜನರ ಡಿಎನ್‌ಎ ಓದುವುದು 2024ರಲ್ಲಿ ಮುಗಿಯಿತು. ಕೇರಿಯ ರಕ್ತ ಆ ಪಟ್ಟಿಯಲ್ಲಿ ಇರಬೇಕು. ಇಲ್ಲದಿದ್ದರೆ ನಾಳೆಯ ಔಷಧಿಯೂ ನಾಲೆಯ ಮೊದಲ ಗದ್ದೆಗೇ ಹರಿದೀತು. ರಕ್ತ ಕೊಡುವವನಿಗೆ ಅವನ ಭಾಷೆಯಲ್ಲಿ ಕಾರಣ ಹೇಳಬೇಕು, ಬಂದ ಉತ್ತರವನ್ನು ವಾಪಸು ಕೇರಿಗೆ ತಲುಪಿಸಬೇಕು.

ಕೊನೆಗೆ, ಓದಿನ ಮಾತು. ಮೀಸಲಾತಿಯ ಸುದ್ದಿ ಬಂದಾಗಲೆಲ್ಲ 'ಪ್ರತಿಭೆ ಹುಟ್ಟಿನಿಂದ ಬರುತ್ತದೆ' ಎನ್ನುವವರು ಈಗ ಜೀನಿನ ಹೆಸರು ಹಿಡಿದು ಬರುತ್ತಿದ್ದಾರೆ. ಎಷ್ಟು ವರ್ಷ ಓದಿದರು ಎಂಬುದಕ್ಕೂ ಅಂಟಿದ ಸಾವಿರಾರು ಜೀನು ಗುರುತುಗಳು ಸಿಕ್ಕಿವೆ ಎಂಬುದು ನಿಜ. ಆದರೆ 2022ರಲ್ಲಿ ಹಲವು ದೇಶಗಳ ಸಂಶೋಧಕರು ಒಂದು ಸರಳ ಪರೀಕ್ಷೆ ಮಾಡಿದರು. ಬೇರೆ ಬೇರೆ ಮನೆಯವರನ್ನು ಹೋಲಿಸುವುದು ಬಿಟ್ಟು, ಒಂದೇ ಮನೆಯ ಅಣ್ಣತಮ್ಮ ಅಕ್ಕತಂಗಿಯರನ್ನು, ಸುಮಾರು 1,78,000 ಜನರನ್ನು, ಹೋಲಿಸಿದರು. ಒಂದೇ ಒಲೆಯ ಮುಂದೆ ಉಂಡವರು, ಒಂದೇ ಬೀದಿಯವರು, ಒಂದೇ ಹೆಸರಿನವರು. ಇವರ ನಡುವೆ ಜೀನಿನ ವ್ಯತ್ಯಾಸ ಉಂಟು, ಕೇರಿಯ ವ್ಯತ್ಯಾಸ ಇಲ್ಲ. ಎತ್ತರಕ್ಕೆ ಜೀನಿನ ಪ್ರಭಾವ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಕುಗ್ಗಿತು. ಓದಿಗೆ? ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅಂದರೆ ಜೀನಿನದು ಎಂದು ಬರೆದುಕೊಂಡಿದ್ದರಲ್ಲಿ ಅರ್ಧದಷ್ಟು ಮನೆಯದು, ಬೀದಿಯದು, ಅಪ್ಪಅಮ್ಮನ ಅನುಕೂಲದ್ದು. ಜಾತಿ ಇಲ್ಲದ ದೇಶಗಳಲ್ಲೇ ಇಷ್ಟಾದರೆ ಜಾತಿಯ ದೇಶದಲ್ಲಿ ಎಷ್ಟಿರಬೇಡ?

ಆದ್ದರಿಂದ ಹಳ್ಳಿಯ ಮೇಷ್ಟರು, ವಿದ್ಯಾರ್ಥಿ ಗೆಳೆಯರು, ಕಾರ್ಯಕರ್ತರು ಯಾರೇ ಇರಲಿ, 'ಇದು ಜೀನಿನಲ್ಲೇ ಇದೆಯಂತೆ' ಎಂದು ಪತ್ರಿಕೆ ಹಿಡಿದು ಬಂದವನನ್ನು ಹೊಡೆದೋಡಿಸಬೇಕಾಗಿಲ್ಲ, ಕೈ ಮುಗಿಯಬೇಕಾಗಿಯೂ ಇಲ್ಲ. ಕೂರಿಸಿ ಕೇಳಿ: ಯಾರನ್ನು ಯಾರ ಜೊತೆ ಹೋಲಿಸಿದಿರಿ? ಅವರಿಬ್ಬರ ಊಟ ಒಂದೇ ಇತ್ತೇ? ಅವರಿಬ್ಬರ ನಡುವೆ ಹೆಣ್ಣು ಕೊಟ್ಟು ತರುವುದುಂಟೇ? ಒಂದೇ ಮನೆಯ ಮಕ್ಕಳಲ್ಲಿ ಇದನ್ನು ನೋಡಿದ್ದೀರಾ? ಈ ನಾಲ್ಕಕ್ಕೆ ಉತ್ತರ ಇದ್ದರೆ ಅದು ವಿಜ್ಞಾನ, ಅದರಿಂದ ನಮ್ಮ ಮಕ್ಕಳ ಕೀಲಿಗೂ ಒಳ್ಳೆಯದಾದೀತು. ಉತ್ತರ ಇಲ್ಲದಿದ್ದರೆ ಅದು ರಿಸ್ಲೆಯ ಮೂಗಿನ ಲೆಕ್ಕವೇ, ಹೊಸ ಯಂತ್ರದಲ್ಲಿ ತೂಗಿದ್ದು.